ಅವ್ವನ ಮಾತಿಗೆ ಕೆಂಪು ಶಾಯಿ

ಪುಸ್ತಕ ತೆರೆದರೆ ಮೊದಲ ಪುಟದಲ್ಲೇ ಕೆಂಪು ಗೀಟುಗಳು. ಅವ್ವನ ‘ಉಟ್ಟು’ ಎಂಬ ಮಾತನ್ನು ಹೊಡೆದುಹಾಕಿ ಮೇಲೆ ‘ಇದೆ’ ಎಂದು ಬರೆದಿತ್ತು. ‘ಇಲ್ಲೆ’ ಎಂದಿದ್ದಲ್ಲಿ ‘ಇಲ್ಲ’. ಪುಟ ತಿರುಗಿಸುತ್ತ ಹೋದೆ. ಕೊನೆಯ ಕತೆಯವರೆಗೂ ಹಾಗೆಯೇ ತಿದ್ದಿದ್ದರು.

ಅವು ನನ್ನ ಅವ್ವ ನಮ್ಮ ಕಡೆ ಮನೆಮನೆಯಲ್ಲಿ ಆಡುವ ಅರೆಭಾಷೆಯಲ್ಲಿ ಹೇಳುತ್ತಿದ್ದ ಕತೆಗಳು. ಅವಳು ಹಾಸಿಗೆ ಹಿಡಿದಿದ್ದಾಗ ಪಕ್ಕದಲ್ಲಿ ಕೂತು, ಅವಳ ಬಾಯಲ್ಲಿ ಬಂದ ಹಾಗೆಯೇ ಬರೆದುಕೊಂಡಿದ್ದೆ. ತೀರಿಕೊಂಡ ಮೇಲೆ ಮಡಿಕೇರಿಯಲ್ಲಿ ಅಚ್ಚು ಹಾಕಿಸಿ, ನಮ್ಮೂರ ಗ್ರಂಥಾಲಯಕ್ಕೂ ಒಂದು ಪ್ರತಿ ಕೊಟ್ಟಿದ್ದೆ. ಯಾರಾದರೂ ಓದಿದ್ದಾರೋ ನೋಡೋಣವೆಂದು ಮೊನ್ನೆ ಹೋಗಿದ್ದೆ.

“ಇದೇನಿದು?” ಎಂದು ಗ್ರಂಥಪಾಲಕರನ್ನು ಕೇಳಿದೆ.

“ತುಂಬ ತಪ್ಪಿತ್ತು ಮೇಡಂ. ಮಕ್ಕಳು ಓದ್ತವಲ್ಲ, ಅದಕ್ಕೆ ಮೇಷ್ಟ್ರೊಬ್ರ ಹತ್ರ ತಿದ್ಸಿ ಇಟ್ಟೆ” ಎಂದರು, ಉಪಕಾರ ಮಾಡಿದವರ ಹಾಗೆ.

“ತಪ್ಪಲ್ಲ ಸಾರ್, ಅದು ಅರೆಭಾಷೆ. ನಮ್ಮವ್ವ ಮಾತಾಡ್ತಿದ್ದದ್ದೇ ಹಾಗೆ.”

“ಮನೇಲಿ ಹೇಗೆ ಬೇಕಾದ್ರೂ ಮಾತಾಡಿ, ಯಾರು ಬೇಡ ಅಂದ್ರು? ಇದು ಲೈಬ್ರರಿ ಅಲ್ವಾ!”

ಹಾಗಾದರೆ ವಾಪಸ್ ಕೊಡಿ ಎಂದೆ. ಸೀಲು ಬಿದ್ದಿದೆ, ಇನ್ನು ಕೊಡಲು ಬರುವುದಿಲ್ಲ ಎಂದು ನನ್ನ ಕೈಯಿಂದಲೇ ತೆಗೆದುಕೊಂಡು ಬೀರುವಿಗೆ ಸೇರಿಸಿದರು.

ಅವ್ವ ಹೋದ ದುಃಖದ ಜೊತೆ ಈಗ ಈ ಸಿಟ್ಟೂ ಸೇರಿದೆ. ಪುಸ್ತಕವನ್ನು ಯಾರೂ ನಿಷೇಧಿಸಿಲ್ಲ, ಹರಿದಿಲ್ಲ. ಅದು ಎಲ್ಲರಿಗೂ ಸಿಗುತ್ತದೆ. ಆದರೆ ಅದನ್ನು ಕೈಗೆತ್ತಿಕೊಳ್ಳುವ ನಮ್ಮೂರ ಮಕ್ಕಳು ಮೊದಲು ಕಲಿಯುವುದು, ತಮ್ಮ ಮನೆಯ ಅಜ್ಜಿಗೆ ಸರಿಯಾಗಿ ಮಾತಾಡಲು ಬರುವುದಿಲ್ಲ ಎಂಬುದನ್ನು.