ಬತ್ತೀನಿ ಅನ್ನಬಾರದ ಬಾಗಿಲು

ಮೊನ್ನೆ ನಮ್ಮ ಬೀದಿಯ ಇಸ್ತ್ರಿ ಅಂಗಡಿಯ ಮುಂದೆ ಹಾದು ಬರುತ್ತಿದ್ದೆ. ಯಾರದೋ ಗಂಜಿ ಹಾಕಿದ ಬಿಳಿ ಸೀರೆಯ ಮೇಲೆ ಇಸ್ತ್ರಿಪೆಟ್ಟಿಗೆ ಆಡುತ್ತಿತ್ತು. ನೀರು ಚಿಮುಕಿಸಿದ ಬಟ್ಟೆಯಿಂದ ಅನ್ನದ ಗಂಜಿಯ ಬಿಸಿ ವಾಸನೆ ಎದ್ದು ಬಂತು. ಈ ಕಾಲದಲ್ಲಿ ಯಾರು ಮನೆಯಲ್ಲಿ ಗಂಜಿ ಹಾಕುತ್ತಾರೆ... ನಾನು ಅಲ್ಲೇ ನಿಂತುಬಿಟ್ಟೆ. ಅಂಗಡಿಯವನು "ಏನಕ್ಕ, ಬಟ್ಟೆ ಕೊಟ್ಟಿದ್ರಾ?" ಅಂದ. ಇಲ್ಲ ಅಂದೆ. ನಮ್ಮ ದೊಡ್ಡ ಸಿಸ್ಟರ್ ವಾಸನೆ ಬಂತಪ್ಪ ಅಂದರೆ ಅವನಿಗೇನು ಅರ್ಥವಾಗಬೇಕು?

ರಾಮನಗರದ ಸರ್ಕಲ್ಲಿಗೆ ಎದುರಾಗಿ ಒಂದು ಸಣ್ಣ ನರ್ಸಿಂಗ್ ಹೋಮ್ ಇತ್ತು. ನರ್ಸಿಂಗ್ ಕೋರ್ಸಿನ ಕೊನೆಯ ದಿನಗಳಲ್ಲಿ ನಾನು ಕೆಲಸ ಕಲಿತದ್ದು ಅಲ್ಲಿ. ಅಲ್ಲಿನ ಹಿರಿಯ ನರ್ಸನ್ನು ಡಾಕ್ಟರಿಂದ ಹಿಡಿದು ಆಯಾವರೆಗೆ ಎಲ್ಲರೂ ದೊಡ್ಡ ಸಿಸ್ಟರ್ ಎಂದೇ ಕರೆಯುತ್ತಿದ್ದರು. ಮದುವೆ ಆಗಿರಲಿಲ್ಲ. ಮಹಡಿಯ ಮೇಲೊಂದು ಕೋಣೆ, ಒಂದು ಸ್ಟೌ, ಹಗ್ಗದ ತುಂಬ ಬಿಳಿ ಸೀರೆಗಳು. ತಮ್ಮೊಬ್ಬರಿಗೆ ಮಾಡಿಕೊಂಡ ಅನ್ನದ ಗಂಜಿಯನ್ನೇ ಬಸಿದು ಸೀರೆಗೆ ಹಾಕುತ್ತಿದ್ದರು. ಅವರು ನಡೆದರೆ ಸರಬರ ಸದ್ದು. ಆ ಸದ್ದು ಕೇಳಿಸಿದರೆ ನರಳುತ್ತಿದ್ದವರೂ ತೆಪ್ಪಗಾಗುತ್ತಿದ್ದರು. ಮೊದಲ ಸಲ ಡ್ರಿಪ್ ಹಾಕುವಾಗ ಸೂಜಿಯನ್ನು ಮೈಯಿಂದ ದೂರ ಹಿಡಿದುಕೊಂಡು ನಿಂತಿದ್ದೆ. "ಸೂಜಿ ಹಿಡ್ದಿದ್ದೀಯೋ, ಹಾವು ಹಿಡ್ದಿದ್ದೀಯೋ?" ಎಂದು ಇಡೀ ವಾರ್ಡಿಗೆ ಕೇಳುವ ಹಾಗೆ ಬೈದರು. ಆಮೇಲೆ ನನ್ನ ಕೈಮೇಲೆ ತಮ್ಮ ಕೈಯಿಟ್ಟು ತಾವೇ ಹಾಕಿಸಿದರು.

ಅವರದೊಂದು ನೇಮವಿತ್ತು. ನಮ್ಮ ಕಡೆ ಯಾರ ಮನೆಯಿಂದ ಹೊರಟರೂ ಬತ್ತೀನಿ ಅನ್ನುತ್ತೇವೆ. ಹೋಗ್ತೀನಿ ಅನ್ನುವುದು ಅಪಶಕುನ. ದೊಡ್ಡ ಸಿಸ್ಟರ್ ಆಳ್ವಿಕೆಯಲ್ಲಿ ಮಾತ್ರ ಅದು ಉಲ್ಟಾ. ವಾಸಿಯಾಗಿ ಹೊರಟವರು ರೂಢಿಯಂತೆ "ಬತ್ತೀನಿ ಸಿಸ್ಟ್ರೇ" ಅಂದರೆ ಮುಗೀತು. "ಯಾಕಪ್ಪ ಬತ್ತೀಯ? ಇಲ್ಲೇನ್ ಹಬ್ಬದೂಟ ಹಾಕ್ತೀವಾ? ಹೋಗ್ತೀನಿ ಅನ್ನು" ಎಂದು ಬಾಗಿಲಲ್ಲಿ ಅಡ್ಡ ನಿಂತು ಹೇಳಿಸುತ್ತಿದ್ದರು. ಚನ್ನಪಟ್ಟಣ ಕಡೆಯ ಒಬ್ಬ ತಾತ ಎಷ್ಟು ತಿದ್ದಿದರೂ ನಾಲಿಗೆ ಹೊರಳದೆ "ಹೋಗ್ ಬತ್ತೀನಿ ಕಣವ್ವ" ಅಂದು ಮತ್ತೆ ಬೈಸಿಕೊಂಡಿದ್ದ.

ನನ್ನ ರಿಸಲ್ಟ್ ಬಂದಾಗ ಮಗಳು ಇನ್ನೂ ಅಂಬೆಗಾಲಿಡುತ್ತಿದ್ದಳು. ದೊಡ್ಡ ಸಿಸ್ಟರ್ ಡಾಕ್ಟರನ್ನು ಒಪ್ಪಿಸಿ ನನಗೆ ಅಲ್ಲೇ ಕೆಲಸ ಗೊತ್ತು ಮಾಡಿದ್ದರು. ಅದೇ ಹೊತ್ತಿಗೆ ಬಿಡದಿ ಕಡೆ ಹೊಲಗಳಿದ್ದಲ್ಲೆಲ್ಲ ಫ್ಯಾಕ್ಟರಿಗಳು ಏಳುತ್ತಿದ್ದವು. ಅಂಥದ್ದೊಂದರ ಫಸ್ಟ್ ಏಡ್ ರೂಮಿಗೆ ನರ್ಸ್ ಬೇಕಂತೆ ಎಂದು ನಮ್ಮ ಯಜಮಾನರು ಸುದ್ದಿ ತಂದರು. ಬರೀ ಹಗಲು ಕೆಲಸ, ಭಾನುವಾರ ರಜ, ಕಂಪನಿ ಬಸ್ಸು. ನರ್ಸಿಂಗ್ ಹೋಮಿನಲ್ಲಾದರೆ ವಾರ ಬಿಟ್ಟು ವಾರ ನೈಟ್ ಡ್ಯೂಟಿ.

ಕನಕಪುರ ರಸ್ತೆಯ ಬದಿಯ ನಮ್ಮ ಮನೆಯಲ್ಲಿ ಆಗ ರೇಷ್ಮೆಹುಳು ಸಾಕಿದ್ದರು. ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ನಮ್ಮತ್ತೆ ಸೊಪ್ಪು ಕತ್ತರಿಸುತ್ತಲೇ, "ಜ್ವರ ನೋಡಕೆ ರಾಮನಗ್ರಕ್ಕೇ ಹೋಗ್ಬೇಕಾ? ನಮ್ಮನೆ ತುಂಬ ಜ್ವರದ ಹುಳ ಅವೆ. ನೀನು ರಾತ್ರಿಯೆಲ್ಲ ಅಲ್ಲಿದ್ರೆ ನಾನು ಹುಳಕ್ಕೆ ಸೊಪ್ಪು ಹಾಕ್ಲಾ, ಮಗೀಗೆ ಹಾಲು ಕುಡಿಸ್ಲಾ?" ಅಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಯಜಮಾನರು "ನಿನ್ನಿಷ್ಟ ಕಣೆ" ಅಂದರು. ನಿನ್ನಿಷ್ಟ ಅಂದರೆ ಏನರ್ಥ ಅಂತ ನನಗೆ ಗೊತ್ತಿತ್ತು.

ದೊಡ್ಡ ಸಿಸ್ಟರ್‌ಗೆ ಹೇಳಿದಾಗ ಅವರು ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆ ಮಡಿಸುತ್ತಿದ್ದರು. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ.

"ಅಲ್ಲಿ ಏನ್ ಬತ್ತದೆ ನಿನ್ತಾವ್ಕೆ? ಒಸಿ ತಲೆನೋವು, ಒಸಿ ಬೆರ್ಳು ಕುಯ್ದದ್ದು. ಕಲ್ತ ಕೈ ಮಂಕಾಯ್ತದೆ ಕಣವ್ವಾ" ಅಂದರು. ಒಂದೆರಡು ಮಡಿಕೆ ಆದ ಮೇಲೆ, ತಲೆಯೆತ್ತದೆ, "ನಂಗೂ ಜೊತೆಗೊಬ್ರು ಇದ್ದಂಗಾಯ್ತದೆ ಅಂದ್ಕಂಡಿದ್ದೆ" ಅಂದರು. ನಾನೂ ಒಂದು ಬಟ್ಟೆ ಎತ್ತಿಕೊಂಡು ಮಡಿಸತೊಡಗಿದೆ. ನನ್ನ ಪಾಲಿಗೆ ಉತ್ತರ ಮನೆಯಲ್ಲೇ ತೀರ್ಮಾನವಾಗಿತ್ತು.

ಕಂಪನಿ ಬಸ್ಸು ನಿಲ್ಲುತ್ತಿದ್ದದ್ದು ಅದೇ ಸರ್ಕಲ್ಲಿನಲ್ಲಿ. ಕೆಲಸಕ್ಕೆ ಸೇರುವ ದಿನ ಬೆಳಗ್ಗೆ ರಸ್ತೆ ದಾಟಿ ಓಡಿದೆ. ಬಾಗಿಲಲ್ಲೇ ಸಿಕ್ಕರು. ಕಾಲು ಮುಟ್ಟಿದೆ. ಅವರ ಪಾಠ ನೆನಪಿಟ್ಟಿದ್ದೇನೆ ಎಂಬ ಹೆಮ್ಮೆಯಲ್ಲಿ, ನಗುನಗುತ್ತಾ, "ಹೋಗ್ತೀನಿ ಸಿಸ್ಟರ್" ಅಂದೆ.

ಅವರ ಮುಖ ಪೆಚ್ಚಾಯಿತು. "ಅದು ಕಾಯ್ಲೆಯೋರಿಗೆ ಹೇಳ್ಕೊಟ್ಟಿದ್ದು ಕಣವ್ವಾ... ನಿಂಗಲ್ಲ" ಅಂದರು.

ಅಷ್ಟರಲ್ಲಿ ಬಸ್ಸಿನವನು ಹಾರ್ನ್ ಒತ್ತಿದ. ಓಡಿದೆ.

ಫಸ್ಟ್ ಏಡ್ ರೂಮಿನಲ್ಲಿ ಒಂದು ಮಂಚ, ಒಂದು ಬೀರು, ಒಂದು ಕುರ್ಚಿ. ಮಂಚದ ಮೇಲೆ ಮಲಗುವವರಿಲ್ಲ. ಗೋಡೆಯಾಚೆ ದಿನವಿಡೀ ಮೆಷಿನ್ ಸದ್ದು. ಯಾರೋ ಬಂದು ಮಾತ್ರೆ ಈಸಿಕೊಂಡು ಮುಖ ನೋಡದೆ ಹೋಗುತ್ತಿದ್ದರು. ಎಷ್ಟೋ ಮಧ್ಯಾಹ್ನ ಡಬ್ಬಿಯ ಊಟ ಬಿಚ್ಚಿ ಸುಮ್ಮನೆ ಕೂತಿದ್ದೇನೆ. ಬೈಯುವುದಕ್ಕಾದರೂ ಒಬ್ಬರು ಬೇಕು ಅನ್ನಿಸುತ್ತಿತ್ತು. ಮಹಡಿಯ ಮೇಲಿನ ಕೋಣೆಯಲ್ಲಿ ಅವರೂ ಹೀಗೇ ಒಬ್ಬರೇ ಉಣ್ಣುತ್ತಿರಬಹುದಲ್ಲ ಎಂದು ಹೊಳೆದದ್ದು ಆಗ. ಬೆಳಗ್ಗೆ ಬಸ್ಸು ಹತ್ತುವಾಗ ಮಹಡಿಯ ಮೇಲೆ ಸೀರೆ ಒಣಹಾಕುವುದು ಕಾಣುತ್ತಿತ್ತು. ಮೊದಮೊದಲು ಕೈಯೆತ್ತುತ್ತಿದ್ದರು. ಆಮೇಲೆ ನಾವು ಬಿಡದಿಯಲ್ಲೇ ಮನೆ ಮಾಡಿದೆವು. ಒಂದು ಭಾನುವಾರ ಹೋಗಿ ನೋಡಿಕೊಂಡು ಬಂದರಾಯಿತು ಅಂದುಕೊಂಡೆ... ಭಾನುವಾರಗಳು ಬಟ್ಟೆ ಒಗೆಯುವುದರಲ್ಲೇ ಕಳೆದವು. ಮಗಳಂತೂ ನನ್ನ ಕಣ್ಣ ಮುಂದೆ ಬೆಳೆದಳು. ಆ ಸಂತೋಷವನ್ನು ಇಲ್ಲ ಅನ್ನಲಾರೆ.

ದೊಡ್ಡ ಸಿಸ್ಟರ್ ತೀರಿಹೋದ ಸುದ್ದಿಯನ್ನು ನರ್ಸಿಂಗ್ ಹೋಮಿನ ಆಯಾ ಫೋನ್ ಮಾಡಿ ಹೇಳಿದಳು. ಮಾಗಡಿಯ ಹತ್ತಿರ, ಸಾವನದುರ್ಗದ ಬಂಡೆ ಬಾಗಿಲಿಗೇ ಕಾಣುವ ಊರು, ಅವರ ತಮ್ಮನ ಮನೆ. ಹೋದೆ. ಫೋಟೋದಲ್ಲೂ ಸೀರೆ ಗರಿಗರಿಯಾಗಿತ್ತು. ಆಯಾ ನನ್ನ ಪಕ್ಕ ಕೂತು, "ನಿನ್ ಸುದ್ದಿ ಎತ್ತೋರು ಕಣಮ್ಮಿ. 'ಆ ಹುಡ್ಗಿ ಬತ್ತೀನಿ ಅನ್ನದಂಗೇ ಹೊಂಟೋದ್ಳು ನೋಡು' ಅನ್ನೋರು" ಅಂದಳು.

ಹೊರಡುವ ಹೊತ್ತಾಯಿತು. ಫೋಟೋದ ಮುಂದೆ ನಿಂತು ಬತ್ತೀನಿ ಅನ್ನಲು ಬಾಯಿ ತೆರೆದೆ. ಆಯಾ ಸೆರಗು ಹಿಡಿದೆಳೆದು, ಮೆಲ್ಲಗೆ, "ಸಾವಿನ್ಮನೇಲಿ ಹಂಗನ್ಬಾರ್ದು, ಸುಮ್ಕೆ ನಡಿ" ಅಂದಳು. ಹೌದು, ಅನ್ನಬಾರದು. ಸುಮ್ಮನೆ ಚಪ್ಪಲಿ ಮೆಟ್ಟಿಕೊಂಡು ಬಂದೆ. ಬಸ್ಸಿನಲ್ಲಿ ಮಾಗಡಿ ಬರುವವರೆಗೂ ಅಳುತ್ತಲೇ ಇದ್ದೆ.

ಇಸ್ತ್ರಿ ಅಂಗಡಿಯವನು ಆ ಸೀರೆಯನ್ನು ಮಡಿಸಿ ಪಕ್ಕಕ್ಕಿಟ್ಟ. ನಾನು ಇನ್ನೂ ನಿಂತೇ ಇದ್ದೆ. ಅವನು ನೋಡಿದ್ದಕ್ಕೆ ನಾಚಿಕೆಯಾಗಿ, "ಬತ್ತೀನಪ್ಪ" ಅಂದೆ.

"ಹೂಂ, ಬನ್ನಿ ಅಕ್ಕ" ಅಂದ.