ಮೂರನೇ ಗೇರಿನ ಶ್ರುತಿ

ನಮ್ಮ ಕಾರಿಗೆ ಹೊಸ ಸ್ಟೀರಿಯೋ ಹಾಕಿದ ದಿನ ಅದರಿಂದ ಮೊದಲು ಬಂದದ್ದು ಹಾಡಲ್ಲ, ಜೀರುಂಡೆಯ ಸದ್ದು. ಅಂಗಡಿಯವನು ಹಾಕಿಕೊಟ್ಟಿದ್ದರೆ ಅವನನ್ನು ಬೈದುಕೊಂಡು ಹಗುರಾಗಬಹುದಿತ್ತು. ಹಾಕಿದವನು ನಾನೇ.

ಹಾಸನದ ಅಂಗಡಿಯವನು ಒಳ್ಳೆಯ ಮಾತಿನಲ್ಲೇ, ‘ಫಿಟ್ಟಿಂಗ್ ನಾವೇ ಮಾಡ್ಕೊಡ್ತೀವಿ ಸಾ, ಒಂಚೂರು ಹೊತ್ತು ಕೂತ್ಕಳಿ’ ಎಂದಿದ್ದ. ನನಗೆ ಅವಮಾನವಾಯಿತು. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವನು. ಮಾಡಿದವನು ಅಂದರೆ, ಲ್ಯಾಬಿನಲ್ಲಿ ಬಲ್ಬು ಹತ್ತಿಸಿ ಎಂದರೆ ಫ್ಯೂಸು ಸುಟ್ಟು ತೋರಿಸುತ್ತಿದ್ದವನನ್ನು ಇನ್ನೊಂದು ಸಲ ನೋಡುವ ಧೈರ್ಯವಿಲ್ಲದೆ ಪಾಸು ಮಾಡಿ ಕಳಿಸಿದ್ದರು. ‘ಬ್ಯಾಡ ಬಿಡಿ, ನಮ್ದೇ ಫೀಲ್ಡು’ ಎಂದು ಡಬ್ಬ ಎತ್ತಿಕೊಂಡು ಹೊಳೆನರಸೀಪುರಕ್ಕೆ ಬಂದೆ.

ಅಪ್ಪ ಹೈಸ್ಕೂಲು ಮೇಷ್ಟ್ರು. ಡಬ್ಬ ನೋಡಿ, ಪತ್ರಿಕೆಯಿಂದ ತಲೆ ಎತ್ತದೆ ಕೇಳಿದರು: ‘ಯಾರು ಹಾಕೋರು?’

‘ನಾನೇ.’

‘ನೀನು ಹಾಕಿದ ಕಾಲಿಂಗ್ ಬೆಲ್ ಒತ್ತಿದ್ರೆ ಇವತ್ತಿಗೂ ಬಚ್ಚಲು ಮನೆ ಲೈಟು ಹತ್ಕತದೆ. ಕಾರಲ್ಲಿ ಏನು ಹತ್ಕತದೋ ನೋಡ್ಕ.’

ಅದು ನನ್ನ ಶೋಕಿಗೆ ತಂದ ಸಾಮಾನು ಎಂದು ಅಪ್ಪ ನಂಬಿದ್ದರು. ಅರ್ಧ ನಿಜ. ಇನ್ನರ್ಧ ಅಮ್ಮನದು. ಅಮ್ಮ, ನನ್ನ ಸೋದರತ್ತೆ, ಹಿಂದಿನ ಬೀದಿಯ ಅಂಗನವಾಡಿ ಟೀಚರಕ್ಕ, ಬ್ಲೌಸು ಹೊಲಿಯುವ ಟೈಲರಕ್ಕ, ಈ ನಾಲ್ವರದೊಂದು ಭಜನೆ ತಂಡ. ಹಿಂದಿನ ವರ್ಷ ಚನ್ನರಾಯಪಟ್ಟಣದ ಭಜನೆ ಸ್ಪರ್ಧೆಯಲ್ಲಿ ಇವರು ಹಾಡಿ ಮುಗಿಸಿದ ಮೇಲೆ ತೀರ್ಪುಗಾರರು, ರಿಟೈರಾದ ಸಂಗೀತದ ಮೇಷ್ಟ್ರೊಬ್ಬರು, ಮೈಕು ಹಿಡಿದು, ‘ನಾಲ್ಕು ಜನ ತಾಯಂದಿರೂ ನಾಲ್ಕು ಊರಿನ ಬಸ್ಸು ಹತ್ತಿಬಿಟ್ರು’ ಎಂದಿದ್ದರು. ಸಭೆಯೆಲ್ಲ ನಕ್ಕಿತು. ಮರ್ಯಾದೆ ಬಿಟ್ಟು ಹೇಳುವುದಾದರೆ ನಾನೂ ನಕ್ಕೆ. ಅಂದಿನಿಂದ ಅಮ್ಮ ಅಡುಗೆ ಮನೆಯಲ್ಲಿ ಗುನುಗುವುದನ್ನೂ ಬಿಟ್ಟಳು. ಈ ವರ್ಷ ಅತ್ತೆಯ ಒತ್ತಾಯಕ್ಕೆ ಮತ್ತೆ ಹೆಸರು ಕೊಟ್ಟಿದ್ದಳು. ‘ಇನ್ನೊಂದ್ಸಲ ಆ ಬಸ್ಸಿನ ಮಾತು ಅನ್ನಿಸ್ಕಂಡ್ರೆ ಅಲ್ಲಿಗೆ ಮುಗೀತು, ಈ ಬಾಯಲ್ಲಿ ಹಾಡು ಬರಾಕಿಲ್ಲ’ ಅಂದಿದ್ದಳು. ಅಮ್ಮ ಹಾಗೆಲ್ಲ ಸುಮ್ಮನೆ ಹೇಳುವವಳಲ್ಲ. ಒಂದು ಸಲ ದೊಡ್ಡಮ್ಮನ ಮನೆ ಕಾಫಿ ಕುಡಿಯುವುದಿಲ್ಲ ಅಂದವಳು, ಇವತ್ತಿಗೂ ಅಲ್ಲಿ ನೀರು ಮಜ್ಜಿಗೆಯಲ್ಲೇ ಇದ್ದಾಳೆ.

ಅಭ್ಯಾಸಕ್ಕೆ ಜಾಗ ಬೇಕಿತ್ತು. ನಮ್ಮ ಮನೆಯಲ್ಲಿ ಅಪ್ಪನ ಟಿವಿಯಲ್ಲಿ ಸಂಜೆಯೆಲ್ಲ ಜನ ಕಿತ್ತಾಡುತ್ತಿರುತ್ತಾರೆ. ಅತ್ತೆಯ ಮನೆಯಲ್ಲಿ ಅವಳ ಅತ್ತೆ ಹಾಡಿಗಿಂತ ಜೋರಾಗಿ ಕೆಮ್ಮುತ್ತಾರೆ. ಟೈಲರಕ್ಕನ ಮನೆಯಲ್ಲಿ ಮಿಷಿನ್ನು, ಟೀಚರಕ್ಕನ ಮನೆಯಲ್ಲಿ ಅವಳಿ ಮಕ್ಕಳು. ಬಾಗಿಲು ಹಾಕಿಕೊಂಡು ಕೂರಬಹುದಾದ ಒಂದೇ ಕೋಣೆ ನಮ್ಮ ಹಳೇ ಕಾರು. ನಿಲ್ಲಿಸಿಕೊಂಡು ಹಾಡಿದರೆ ಬೀದಿಯವರು ಗಾಜಿಗೆ ಮೂಗು ಒತ್ತಿ ನೋಡುತ್ತಾರೆ. ಅದಕ್ಕೇ ಓಡಿಸುತ್ತಾ ಹಾಡುವುದು ಎಂದು ತೀರ್ಮಾನವಾಯಿತು. ತಂಬೂರಿ ಶ್ರುತಿ ಪೆನ್ ಡ್ರೈವಿನಲ್ಲಿತ್ತು. ಸ್ಟೀರಿಯೋ ಬೇಕಾಗಿದ್ದು ಅದಕ್ಕೆ.

ನಮ್ಮ ಮನೆಯಲ್ಲಿ ಮಿಕ್ಸಿಯಾಗಲಿ ಮೊಬೈಲಾಗಲಿ, ಪೂಜೆಯಾಗದೆ ಪ್ಲಗ್ಗಿಗೆ ಹೋಗುವುದಿಲ್ಲ. ಸ್ಟೀರಿಯೋ, ನಾಲ್ಕು ಸ್ಪೀಕರು, ವೈರುಗಳ ಗೊಂಚಲು ಎಲ್ಲವೂ ಹರಿವಾಣದಲ್ಲಿ ದೇವರ ಮುಂದೆ ಕೂತವು. ಅಮ್ಮ ಗಂಧದ ಬಟ್ಟಲು ಹಿಡಿದು ಕೇಳಿದಳು: ‘ಇಷ್ಟೊಂದು ವೈರಲ್ಲಿ ಮುಖ್ಯವಾದ್ದು ಯಾವುದ್ಲಾ?’

ಗೊತ್ತಿರುವ ಒಂದೇ ವಿಷಯವನ್ನು ಹೇಳಲು ಅವಕಾಶ ಸಿಕ್ಕರೆ ಯಾರು ಬಿಡುತ್ತಾರೆ. ನಾನು ಕರಿಯ ವೈರು ಎತ್ತಿ ತೋರಿಸಿದೆ. ಅದರ ತುದಿಯಲ್ಲಿ ಬೋಲ್ಟಿಗೆ ಸಿಕ್ಕಿಸುವ ಒಂದು ಬಳೆ ಇತ್ತು. ‘ಇದು ಅರ್ಥಿಂಗು ಕಣಮ್ಮ. ಕಾರಿನ ಬಾಡಿಗೆ ಸೇರ್ಸೋದು. ಭೂಮಿತಾಯಿ ಇದ್ದಂಗೆ. ಇದಿಲ್ದಿದ್ರೆ ಬಾಕಿ ಎಲ್ಲಾ ದಂಡ.’

ಭೂಮಿತಾಯಿ ಎಂದ ಮೇಲೆ ಕೇಳಬೇಕೆ. ಬಾಕಿ ವೈರುಗಳಿಗೆ ಒಂದೊಂದು ಬೊಟ್ಟು ಬಿದ್ದರೆ ಆ ಬಳೆಗೆ ಎರಡೂ ಕಡೆ ದಪ್ಪಗೆ ಗಂಧ ಮೆತ್ತಿ, ಮೇಲೆ ಕುಂಕುಮ ಒತ್ತಿದಳು. ಸ್ಪೀಕರುಗಳ ಮೇಲೆ ಅಕ್ಷತೆ ಬಿತ್ತು. ಸಂಜೆ ಫಿಟ್ ಮಾಡುವ ಹೊತ್ತಿಗೆ ಗಂಧ ಒಣಗಿ ಗೋಡೆ ಗಾರೆಯಂತಾಗಿತ್ತು. ಒರೆಸೋಣ ಅನ್ನಿಸಿತು. ಆದರೆ ಇಟ್ಟ ಕುಂಕುಮ ಒರೆಸುವುದುಂಟೇ? ಡಿಪ್ಲೊಮಾ ಒಂದು ಕಡೆ, ಸಂಸ್ಕಾರ ಒಂದು ಕಡೆ. ಕುಂಕುಮ ಕೆಡದಂತೆ, ಹೂವು ಮುಡಿಸುವಷ್ಟು ನಾಜೂಕಾಗಿ ಬೋಲ್ಟು ಬಿಗಿದೆ.

ಮೊದಲ ಸಂಜೆ ನಾಲ್ವರೂ ಹತ್ತಿದರು. ಕೀಲಿ ತಿರುಗಿಸಿದೆ. ಪರದೆಯ ಮೇಲೆ ಯಾವುದೋ ಭಾಷೆಯಲ್ಲಿ ಸ್ವಾಗತ ಮೂಡಿತು. ಸಂತೆಯಲ್ಲಿ ಚೆಲ್ಲಾಡಿದ ಒಣಮೆಣಸಿನಕಾಯಿಯಂಥ ಅಕ್ಷರ. ತಂಬೂರಿ ಹಾಕಿದರೆ ಅದು ಬಾವಿಯೊಳಗಿಂದ ಬಂದ ಹಾಗಿತ್ತು. ಬಾಗಿಲಿನಿಂದ ಯಾರೋ ಮೊರದಲ್ಲಿ ಅಕ್ಕಿ ಕೇರುವ ಸದ್ದು. ಇದೆಲ್ಲದರ ಮೇಲೆ ಗುಂಯ್ ಎಂದು ಒಂದೇ ಸಮನೆ ಕೂಗು. ಆಕ್ಸಿಲರೇಟರ್ ಒತ್ತಿದರೆ ಅದು ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ವಾಲ್ಯೂಮು ಪೂರ್ತಿ ಇಳಿಸಿದೆ. ತಂಬೂರಿ ನಿಂತಿತು. ಗುಂಯ್ ನಿಲ್ಲಲಿಲ್ಲ.

‘ಏನ್ಲಾ ಇದು, ಕಾರೊಳಗೆ ಜೀರುಂಡೆ ಸಾಕ್ಕಂಡಿದ್ದೀಯಾ?’ ಅಂದಳು ಅಮ್ಮ.

‘ಸುಮ್ಕಿರಿ ಅತ್ತಿಗೆ, ಪಾಪ. ಓದಿರೋನು’ ಅಂದಳು ಅತ್ತೆ. ಅತ್ತೆ ಬೈಯುವುದು ಹೀಗೇ.

ಮರುದಿನ ಅರಕಲಗೂಡಿಗೆ ಹೋದೆ. ಅಲ್ಲಿ ನನ್ನ ಡಿಪ್ಲೊಮಾ ಗೆಳೆಯ ಮೊಬೈಲು ರಿಪೇರಿ ಅಂಗಡಿ ಇಟ್ಟಿದ್ದಾನೆ. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಒಬ್ಬರದನ್ನೊಬ್ಬರು ಕಾಪಿ ಹೊಡೆದು ಇಬ್ಬರೂ ಫೇಲಾಗುತ್ತಿದ್ದವರು. ಸ್ಟೀರಿಯೋ ಆಚೆಗೆ ಎಳೆದು ನೋಡಿ ಅವನು ಗಂಭೀರನಾದ.

‘ಕೆಂಪುದ್ನ ಹಳದಿ ಜಾಗಕ್ಕೆ, ಹಳದೀನ ಕೆಂಪು ಜಾಗಕ್ಕೆ ಕೊಟ್ಟಿದ್ದೀಯ ಕಣ್ಲಾ. ಅದ್ಕೇ ಕೀ ತೆಗೆದೇಟಿಗೆ ಎಲ್ಲಾ ಮರ್ತು, ಹುಟ್ಟಿದೂರಿನ ಭಾಷೆ ಮಾತಾಡ್ತದೆ.’

‘ನೀನೂ ಪರೀಕ್ಷೆ ಹಾಲಲ್ಲಿ ಅಂಗೇ ಆಯ್ತಿದ್ದಲ್ಲ.’

‘ಸ್ಪೀಕರಿನ ಪ್ಲಸ್ಸು ಮೈನಸ್ಸೂ ಒಂದು ಕಡೆ ಉಲ್ಟಾ ಕೊಟ್ಟಿದ್ದೀಯ. ಒಂದು ಸ್ಪೀಕರು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೀತದೆ. ದನಿ ಎಲ್ಲಿಂದ ಬರ್ಬೇಕು? ಗಂಡ ಹೆಂಡ್ರು ಮಾತಾಡ್ದಂಗೆ ಅದು.’

ಅವೆರಡೂ ಸರಿಯಾದವು. ಬಾಗಿಲು ಬಿಚ್ಚಿದಾಗ ಸ್ಪೀಕರಿನ ತಗ್ಗಿನಲ್ಲಿ ಅರಿಶಿನದ ಅಕ್ಕಿಕಾಳು ಸಿಕ್ಕವು. ತೆಗೆದು ಕಣ್ಣಿಗೊತ್ತಿಕೊಂಡು ಜೇಬಿಗೆ ಹಾಕಿಕೊಂಡೆ. ಉಳಿದದ್ದು ಗುಂಯ್. ಗೆಳೆಯ ವಿಡಿಯೋ ನೋಡಿದ. ನಾನೂ ನೋಡಿದೆ. ಒಬ್ಬ ಫಿಲ್ಟರ್ ಹಾಕಿ ಎನ್ನುತ್ತಾನೆ, ಒಬ್ಬ ಬ್ಯಾಟರಿಯಿಂದ ಬೇರೆ ವೈರು ಎಳೆಯಿರಿ ಎನ್ನುತ್ತಾನೆ, ಒಬ್ಬ ಮೊದಲು ನನ್ನ ಚಾನೆಲ್ಲಿಗೆ ಸಬ್‌ಸ್ಕ್ರೈಬ್ ಆಗಿ ಎನ್ನುತ್ತಾನೆ. ಮೂರನ್ನೂ ಮಾಡಿದೆವು. ಸಂಜೆಯ ಹೊತ್ತಿಗೆ ಗುಂಯ್ ಇನ್ನೂ ಗಟ್ಟಿಯಾಗಿ, ಹೊಟ್ಟೆ ತುಂಬ ಊಟ ಮಾಡಿದವನ ಹಾಗೆ ಬರುತ್ತಿತ್ತು. ಅರ್ಥಿಂಗ್ ನೋಡೋಣ ಎಂದು ಅವನು ಎರಡು ಸಲ ಹೇಳಿದ. ‘ಅದ್ನ ಮುಟ್ಬ್ಯಾಡ, ಅದಕ್ಕೆ ಅಮ್ಮ ಪೂಜೆ ಮಾಡವ್ಳೆ, ಅದೊಂದೇ ಸರಿಯಾಗಿರೋದು’ ಎಂದು ನಾನು ತಡೆದೆ.

ಸ್ಪರ್ಧೆ ಹತ್ತಿರ ಬರುತ್ತಿತ್ತು. ಜೀರುಂಡೆಯ ಜೊತೆಯೇ ಅಭ್ಯಾಸ ಶುರುವಾಯಿತು. ದಿನಾ ಸಂಜೆ ಊರು ದಾಟಿ ಅರಕಲಗೂಡು ರಸ್ತೆ ಹಿಡಿದು, ಕೊನೆಯ ಪೆಟ್ರೋಲ್ ಬಂಕಿನ ಹತ್ತಿರ ಹಾಡು ಎತ್ತಿಕೊಳ್ಳುವುದು. ಮೊದಮೊದಲು ನಾಲ್ವರೂ ಆ ಕೂಗಿಗೆ ಶಾಪ ಹಾಕಿದರು. ಆಮೇಲೆ ಒಂದು ದಿನ ಟೈಲರಕ್ಕ ಕಣ್ಣು ಮುಚ್ಚಿಕೊಂಡು, ‘ಹಾ, ಈಗ ಸರಿಯಾಯ್ತು ಕಣ್ರಕ್ಕ, ಸೇರ್ಕಂತು’ ಅಂದಳು. ರಸ್ತೆ ಸಮವಾಗಿತ್ತು, ಕಾರು ಮೂರನೇ ಗೇರಿನಲ್ಲಿತ್ತು. ಗುಂಯ್ ತಂಬೂರಿಯನ್ನು ನುಂಗಿ ತಾನೇ ಷಡ್ಜವಾಗಿ ಕೂತಿತ್ತು. ನಾಲ್ಕು ಗಂಟಲೂ ಹೋಗಿ ಅದಕ್ಕೆ ಅಂಟಿಕೊಂಡವು.

‘ಇದೇ ಸ್ಪೀಡಲ್ಲಿ ಓಡ್ಸು ಅಳಿಯ, ಹೆಚ್ಚೂ ಬ್ಯಾಡ ಕಮ್ಮೀನೂ ಬ್ಯಾಡ’ ಅಂದಳು ಅತ್ತೆ.

ಅಂದಿನಿಂದ ನಾನು ಡ್ರೈವರಲ್ಲ, ಪಕ್ಕವಾದ್ಯದವನು. ಹಿಂದಿನ ಲಾರಿಯವನು ಹಾರ್ನು ಹೊಡೆದು ತಾಯಿ ತಂದೆಯನ್ನೆಲ್ಲ ವಿಚಾರಿಸಿಕೊಂಡು ಹೋದರೂ ಕಾಲು ಅಲುಗಿಸುವಂತಿರಲಿಲ್ಲ. ಒಂದೇ ಒಂದು ತೊಂದರೆ. ಎರಡನೇ ಚರಣ ಬರುವ ಹೊತ್ತಿಗೆ ಸರಿಯಾಗಿ ಶಾಲೆಯ ಮುಂದಿನ ಹಂಪು ಬರುತ್ತಿತ್ತು. ನಾನು ಬ್ರೇಕು ಒತ್ತಿದರೆ ಗುಂಯ್ ಇಳಿಯುತ್ತಿತ್ತು, ಅದರ ಹಿಂದೆ ನಾಲ್ವರೂ ಸಾಲಾಗಿ ಇಳಿಯುತ್ತಿದ್ದರು. ಹಂಪು ದಾಟಿ ಗೇರು ಏರಿಸಿದರೆ ಅವರೂ ಏರಿ ಬರುತ್ತಿದ್ದರು. ಅವರಿಗೆ ಇದು ಗೊತ್ತೇ ಆಗಲಿಲ್ಲ. ನನಗೂ ಗೊತ್ತಾಗಲಿಲ್ಲ. ಚೆನ್ನಾಗಿ ಹಾಡುತ್ತಿದ್ದಾರೆ ಅಂದುಕೊಂಡೇ ಇದ್ದೆ. ಸಂಗೀತದಲ್ಲೂ ನನ್ನದು ಡಿಪ್ಲೊಮಾ ಮಟ್ಟವೇ.

ಸ್ಪರ್ಧೆಯ ವಾರ ನನ್ನೊಳಗಿನ ಎಂಜಿನಿಯರು ಎದ್ದು ಕೂತ. ಅಭ್ಯಾಸದ ಕೊನೆಯ ದಿನಗಳಲ್ಲಾದರೂ ಅಮ್ಮನಿಗೆ ಶುದ್ಧ ತಂಬೂರಿ ಕೇಳಿಸೋಣ ಎಂದು ಒಬ್ಬನೇ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದೆ. ಬೇರೆ ಎಲ್ಲವನ್ನೂ ಬಿಚ್ಚಿ ಕಟ್ಟಿ ಆಗಿತ್ತು. ಮುಟ್ಟದೆ ಉಳಿದಿದ್ದುದು ಭೂಮಿತಾಯಿ ಮಾತ್ರ. ಬೋಲ್ಟು ಸಡಿಲಿಸಿ ನೋಡಿದರೆ ಬಳೆಗೂ ಕಾರಿನ ತಗಡಿಗೂ ನಡುವೆ ಗಂಧದ ಗೋಡೆ. ಕರೆಂಟು ಅದರ ಸಂದಿಯಲ್ಲಿ ಎಲ್ಲೋ ನುಸುಳಿಕೊಂಡು ಹೋಗುತ್ತಾ ಗುಂಯ್‌ಗುಡುತ್ತಿತ್ತು. ಮನಸ್ಸಿನಲ್ಲೇ ತಪ್ಪಾಯ್ತು ತಾಯಿ ಎಂದು ಉಪ್ಪುಕಾಗದದಲ್ಲಿ ಉಜ್ಜಿ, ಮತ್ತೆ ಬಿಗಿದೆ. ಕಾರು ಚಾಲೂ ಮಾಡಿದೆ. ತಂಬೂರಿ ಬಿಟ್ಟರೆ ಬೇರೆ ಸದ್ದಿಲ್ಲ. ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಸಂಜೆ ಹೆಮ್ಮೆಯಿಂದ ಹೊರಟೆ. ಬಂಕಿನ ಹತ್ತಿರ ನಾಲ್ವರೂ ಬಾಯಿ ತೆರೆದರು. ನಾಲ್ಕು ದನಿ ನಾಲ್ಕು ಕಡೆ ಹೋದವು. ಇನ್ನೊಮ್ಮೆ ಎತ್ತಿಕೊಂಡರು. ಇನ್ನೂ ದೂರ ಹೋದವು.

‘ಏನೋ ಕೆಟ್ಟೋಗದೆ’ ಅಂದಳು ಟೀಚರಕ್ಕ.

‘ಕೆಟ್ಟಿಲ್ಲ ಅಕ್ಕ, ಸರಿ ಮಾಡಿದ್ದೀನಿ.’

‘ಅದ್ಯಾಕೆ ಮಾಡಾಕೋದೆ?’

ಅಮ್ಮ ಮತ್ತೆ ಎತ್ತಿಕೊಂಡಳು, ಉಳಿದವರೂ ಸೇರಿದರು. ಹಂಪು ಬಂತು, ಬ್ರೇಕು ಒತ್ತಿದೆ. ತಂಬೂರಿ ಅಲ್ಲೇ ಇತ್ತು, ಹೆಂಗಸರು ಇಳಿದುಬಿಟ್ಟರು. ಅಮ್ಮ ಹಾಡು ನಿಲ್ಲಿಸಿ ಕಿಟಕಿಯಾಚೆ ನೋಡಿದಳು. ‘ಇಷ್ಟು ದಿನ ನಾವು ಹಾಡ್ತಿದ್ದುದು ತಂಬೂರಿಗಲ್ಲ, ಈ ಮುಂಡೇದು ಇಂಜಿನ್ನಿಗೆ’ ಅಂದಳು. ಕಾರಿನಲ್ಲಿ ಯಾರೂ ನಗಲಿಲ್ಲ. ನನಗೆ ಆ ಬಸ್ಸಿನ ಮಾತು, ಸಭೆಯ ನಗು, ಅದರಲ್ಲಿದ್ದ ನನ್ನ ನಗು ಎಲ್ಲ ನೆನಪಾಯಿತು. ಇನ್ನೊಂದು ನಗುವನ್ನು ನಾನೇ ವೈರು ಎಳೆದು ಜೋಡಿಸಿ ಕೊಟ್ಟಿದ್ದೆ. ಹೊಸದಾಗಿ ಕಲಿಯಲು ದಿನ ಉಳಿದಿರಲಿಲ್ಲ.

ಮನೆಗೆ ಬಂದವಳೇ ದೇವರ ಮನೆಗೆ ಹೋದಳು. ಅಳುತ್ತಾಳೇನೋ ಎಂದು ಬಾಗಿಲಲ್ಲಿ ನಿಂತೆ. ಗಂಧ ತೇಯುವ ಸದ್ದು ಕೇಳಿಸಿತು. ಬಟ್ಟಲು ಹಿಡಿದು ಹೊರಗೆ ಬಂದು, ‘ಬಾ, ಭೂಮಿತಾಯಿ ಎಲ್ಲಿದ್ದಾಳೆ ತೋರ್ಸು’ ಅಂದಳು.

ನಾನು ಬೋಲ್ಟು ಬಿಚ್ಚಿದೆ. ಅಮ್ಮ ಡ್ಯಾಶ್‌ಬೋರ್ಡಿನ ಕೆಳಗೆ ಬಗ್ಗಿ ತಾನೇ ಗಂಧ ಮೆತ್ತಿದಳು. ಒಣಗುವವರೆಗೆ ಇಬ್ಬರೂ ಊದಿದೆವು. ಜಗಲಿಯಿಂದ ಅಪ್ಪ ನೋಡಿ, ‘ತಾಯಿ ಮಗ ಸೇರ್ಕಂಡು ಏನು ಮಾಡ್ತಿದ್ದೀರಿ?’ ಅಂದರು. ‘ರಿಪೇರಿ’ ಅಂದಳು ಅಮ್ಮ. ನಾನು ಮತ್ತೆ ನಾಜೂಕಾಗಿ ಬೋಲ್ಟು ಬಿಗಿದೆ. ಕೀಲಿ ತಿರುಗಿಸಿದೆ. ಗುಂಯ್ ಎಂದಿತು. ಅಮ್ಮನ ಮುಖ ಸಡಿಲವಾಯಿತು.

ಚನ್ನರಾಯಪಟ್ಟಣಕ್ಕೆ ಹೋಗುವ ದಾರಿಯುದ್ದಕ್ಕೂ ಮೂರನೇ ಗೇರು. ಅಲ್ಲಿ ಹಾಸನದ ತಂಡವೊಂದು ಒಂದೇ ಬಣ್ಣದ ರೇಷ್ಮೆ ಸೀರೆ, ಒಂದೇ ಥರದ ಜಡೆಬಿಲ್ಲೆ ಹಾಕಿಕೊಂಡು, ಬಾಡಿಗೆ ಕೀಬೋರ್ಡಿನವನನ್ನೂ ಕರೆದುಕೊಂಡು ಬಂದಿತ್ತು. ಭಕ್ತಿ ಒಂದನ್ನು ಮಾತ್ರ ಮನೆಯಲ್ಲಿ ಬಿಟ್ಟು ಬಂದ ಹಾಗೆ ಕಾಣುತ್ತಿದ್ದರು. ಚೆನ್ನಾಗಿಯೇ ಹಾಡಿದರು, ಹಾಳಾದವರು.

ನಮ್ಮವರು ಕಾರಿನಿಂದ ಇಳಿದು, ಯಾರ ಜೊತೆಗೂ ಮಾತಾಡದೆ, ಬಾಯಲ್ಲಿ ನೀರು ತುಂಬಿಕೊಂಡವರ ಹಾಗೆ ಗುಂಯ್ ಎಂಬುದನ್ನು ಒಳಗೇ ಹಿಡಿದುಕೊಂಡು ಸೀದಾ ವೇದಿಕೆಗೆ ಹೋದರು. ಎತ್ತಿಕೊಂಡ ಶ್ರುತಿ ಯಾವ ಹಾರ್ಮೋನಿಯಂನಲ್ಲೂ ಇಲ್ಲದ್ದು. ಆದರೆ ನಾಲ್ವರೂ ಅದರಲ್ಲೇ ಇದ್ದರು. ಎರಡನೇ ಚರಣ ಬಂತು. ನಾನು ಕೆಳಗೆ ಕುರ್ಚಿಯಲ್ಲಿ ಕೂತಿದ್ದವನು ಗೊತ್ತಿಲ್ಲದೆ ಬಲಗಾಲು ಒತ್ತಿದೆ. ವೇದಿಕೆಯ ಮೇಲೆ ನಾಲ್ವರೂ ಒಟ್ಟಿಗೆ, ಕೂದಲೆಳೆ ವ್ಯತ್ಯಾಸವಿಲ್ಲದೆ, ಹಂಪು ಹತ್ತಿ ಇಳಿದು, ಗೇರು ಬದಲಿಸಿ ಮೇಲೆ ಬಂದರು.

ಅದೇ ಸಂಗೀತದ ಮೇಷ್ಟ್ರು ಮೈಕು ಹಿಡಿದರು. ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ‘ಇವರ ಬಸ್ಸು ಯಾವ ದಾರೀಲಿ ಹೋಯ್ತೋ ನನಗಂತೂ ತಿಳೀಲಿಲ್ಲ’ ಅಂದರು ಮೇಷ್ಟ್ರು. ಸಭೆ ನಗಲು ಬಾಯಿ ತೆರೆಯಿತು. ‘ಆದ್ರೆ ಈ ಸಲ ನಾಲ್ಕು ಜನಾನೂ ಒಂದೇ ಬಸ್ಸಲ್ಲಿದ್ರು. ಹಳ್ಳ ದಿಣ್ಣೆ ಬಂದ್ರೂ ಒಬ್ರೂ ಇಳೀಲಿಲ್ಲ.’ ನಗು ಚಪ್ಪಾಳೆಯಾಗಿ ಹೊರಬಂತು. ಮೊದಲ ಬಹುಮಾನ ರೇಷ್ಮೆ ಸೀರೆಗಳಿಗೆ ಹೋಯಿತು. ನಮಗೆ ಸಮಾಧಾನಕರ ಬಹುಮಾನವೆಂದು ಒಂದು ಸ್ಟೀಲ್ ಹರಿವಾಣ ಸಿಕ್ಕಿತು.

ವಾಪಸು ಬರುವಾಗ ಹರಿವಾಣ ಅಮ್ಮನ ತೊಡೆಯ ಮೇಲಿತ್ತು. ಇಳಿಸಂಜೆ ಬಿಸಿಲಿನಲ್ಲಿ ಮುಖ ನೋಡಿಕೊಳ್ಳುತ್ತಾ, ಯಾರಿಗೂ ಕೇಳಿಸದ ಹಾಗೆ ಏನನ್ನೋ ಗುನುಗುತ್ತಿದ್ದಳು. ನಾನು ಮೆಲ್ಲಗೆ ಕೇಳಿದೆ: ‘ಇನ್ನು ಆ ಗಂಧ ಉಜ್ಜಿ ತೆಗೆದ್ಬುಡ್ಲಾ?’

‘ಮುಟ್ಟಿ ನೋಡು’ ಅಂದಳು.

ಹಿಂದಿನ ಸೀಟಿನಲ್ಲಿ ಮೂವರೂ ಸೇರಿ ಹಾಸನದ ತಂಡವನ್ನು ಸೀರೆಯಿಂದ ಜಡೆಬಿಲ್ಲೆಯವರೆಗೆ ಬಿಡಿಸಿಡುತ್ತಿದ್ದರು. ಮುಂದೆ ಒಂದು ಹಂಪು ಬಂತು. ಬ್ರೇಕು ಒತ್ತಿದೆ. ಗುಂಯ್ ಇಳಿಯಿತು. ಬೈಗುಳವೂ ಅದರ ಜೊತೆಗೇ ತಗ್ಗಿ, ಹಂಪು ದಾಟಿ, ಮೂರನೇ ಗೇರಿಗೆ ಮತ್ತೆ ಏರಿತು.