ಬಿಚ್ಚಿಟ್ಟ ಇಂಜಿನ್ನು, ನಡೆಯದ ಕಾಳಗ

ಬೆಂಗೇರಿಯ ಗ್ಯಾರೇಜಿನಲ್ಲಿ ನನ್ನ ಸ್ಕೂಟರಿನ ಇಂಜಿನ್ನು ಬಿಚ್ಚಿದಂತೆಯೇ ಬಿದ್ದಿರಲು ಕಾರಣ ಇಬ್ಬರು ಹೆವಿವೇಟ್ ಬಾಕ್ಸರುಗಳು. ಅವರು ಬೆಂಗೇರಿಯನ್ನು ಕಂಡವರಲ್ಲ, ನಾನು ಅವರನ್ನು ಕಂಡವನಲ್ಲ. ಆದರೂ ಆ ವಾರ ನನ್ನ ಸಂಸಾರದ ಮೇಲೆ ಅವರಿಗಿದ್ದಷ್ಟು ಅಧಿಕಾರ ನನಗಿರಲಿಲ್ಲ.

ಗ್ಯಾರೇಜು ಅಣ್ಣತಮ್ಮಂದಿರದು. ಅವರ ತಂದೆ ಹಾಕಿಕೊಟ್ಟ ಪದ್ಧತಿಯಂತೆ ಅಣ್ಣ ಬಿಚ್ಚಬೇಕು, ತಮ್ಮ ಕೂಡಿಸಬೇಕು. ಬಿಚ್ಚಿದವನೇ ಕೂಡಿಸಿದರೆ ತನ್ನ ತಪ್ಪು ತನಗೆ ಕಾಣುವುದಿಲ್ಲ ಎಂಬುದು ಹಿರಿಯರ ಸಿದ್ಧಾಂತ. ಘನವಾದ ಸಿದ್ಧಾಂತ, ನನ್ನ ಗಾಡಿ ಇಷ್ಟು ವರ್ಷ ಓಡಿದ್ದೇ ಅದರ ಮೇಲೆ. ಇಬ್ಬರೂ ಮಾತು ಬಿಟ್ಟರೆ ಏನು ಮಾಡಬೇಕೆಂದು ಮಾತ್ರ ಹಿರಿಯರು ಹೇಳಿಹೋಗಿರಲಿಲ್ಲ.

ಅಣ್ಣನ ಮೆಚ್ಚಿನ ಬಾಕ್ಸರ್ ಉದ್ದ, ಅವನ ನಾಲಿಗೆ ಅವನಿಗಿಂತ ಉದ್ದ. ತಮ್ಮನ ಮೆಚ್ಚಿನವನು ಗಿಡ್ಡ, ಮೌನಿ. ಇವರಿಬ್ಬರ ಕಾಳಗವನ್ನು ಘೋಷಿಸುವುದು, ರದ್ದು ಮಾಡುವುದು ಇಬ್ಬರು ಪ್ರಮೋಟರುಗಳ ಕಸುಬು. ಅಣ್ಣ ನನ್ನ ಇಂಜಿನ್ನಿನ ಕಡೆಯ ಬೋಲ್ಟು ಬಿಚ್ಚುತ್ತಿದ್ದಾಗ ಮೊಬೈಲಿನಲ್ಲಿ ಸುದ್ದಿ ಬಂತು: ಕಾಳಗ ಮತ್ತೆ ಮುಂದಕ್ಕೆ. ಹೆದರಿದವರು ಯಾರು ಎಂಬ ಪ್ರಶ್ನೆ ಎದ್ದಿತು. ಸಂಜೆಯೊಳಗೆ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರು.

ನನ್ನ ಕಷ್ಟ ಬೇರೆ. ಕೆಲಗೇರಿಯಲ್ಲಿ ಅಕ್ಕ ಮೊಣಕಾಲಿನ ಆಪರೇಶನ್ ಮಾಡಿಸಿಕೊಂಡು ಮಲಗಿದ್ದಳು. ಮಧ್ಯಾಹ್ನದ ಬುತ್ತಿ ಒಯ್ಯುವುದು ನನ್ನ ಪಾಳಿ. ಮರುದಿನ ಬಸ್ಸು ಬದಲಿಸುತ್ತ ಹೋಗಿ ಮುಟ್ಟುವಷ್ಟರಲ್ಲಿ ಚಹಾದ ಹೊತ್ತಾಗಿ, ಹಸಿದ ಹೊಟ್ಟೆಯಲ್ಲಿ ಗುಳಿಗೆ ನುಂಗಿದ ಅಕ್ಕನಿಗೆ ತಲೆ ತಿರುಗಿತ್ತು. ಇನ್ನೊಮ್ಮೆ ಹಾಗಾಗಬಾರದೆಂದು ಅದರ ಮರುದಿನ ಬೆಳಿಗ್ಗೆಯೇ ಬುತ್ತಿಯ ಸಮೇತ ಗ್ಯಾರೇಜಿಗೆ ಹೋದೆ.

“ಸರ, ಅವಗ ಹೇಳ್ರಿ,” ಎಂದ ಅಣ್ಣ. ‘ಅವ’ ಅವನ ಮಗ್ಗುಲಲ್ಲೇ ಕೂತಿದ್ದ. “ಅವನ ಗಿಡ್ಡ ಹೆದರ್ಯಾನ. ಪ್ರಮೋಟರನ ಬೆನ್ನ ಹಿಂದ ಅಡಕೊಂಡು ಕುಂತಾನ.”

“ಭಾಯಿಗೆ ಹೇಳ್ರಿ ಸರ,” ಎಂದ ತಮ್ಮ, “ಬಾಯಿ ಬಡಕೊಳ್ಳೂದು ಬಾಕ್ಸಿಂಗ್ ಅಲ್ಲ. ಉದ್ದನಾವನ ಪ್ರಮೋಟರಗ ಗೊತ್ತೈತಿ, ತನ್ನ ಹುಡುಗ ಎರಡನೇ ರೌಂಡಿಗೆ ಮಲಗ್ತಾನಂತ. ಅದಕ್ಕ ತಾರೀಖ ಮುಂದ ಹಾಕ್ಸ್ಯಾನ.”

“ನನ್ನ ಇಂಜಿನ್ ಯಾವ ರೌಂಡಿಗೆ ಏಳತೈತಿ?” ಎಂದೆ.

“ನಮ್ಮವಗ ಹೇಡಿ ಅಂದವ್ರು ಬಿಚ್ಚಿದ್ದಕ್ಕ ನಾ ಕೈ ಹಚ್ಚಂಗಿಲ್ಲ ಸರ. ತಪ್ಪು ತಿಳಕೋಬ್ಯಾಡ್ರಿ,” ಎಂದ ತಮ್ಮ.

ಅಣ್ಣನ ಕಡೆ ತಿರುಗಿದೆ. “ನೀವ ಕೂಡಿಸಿಬಿಡ್ರಲಾ.”

ಕಳವಿಗೆ ಕರೆದೆನೆಂಬಂತೆ ಅವನು ನನ್ನನ್ನು ನೋಡಿದ. “ಅಬ್ಬಾ ಹಾಕಿದ ಪದ್ಧತಿ ಮುರೀಲೇನ್ರಿ?”

ಇಡೀ ಆಯುಷ್ಯ ಸಾಲಿಯ ಮಕ್ಕಳಿಗೆ ಯುದ್ಧ, ಒಪ್ಪಂದಗಳ ಪಾಠ ಹೇಳಿದವನು ನಾನು. ಒಪ್ಪಂದಕ್ಕೆ ಯತ್ನಿಸಿದೆ. ಉದ್ದನೆಯವನ ತೋಳನ್ನು ತಮ್ಮನೆದುರು ಹೊಗಳಿದೆ, ಗಿಡ್ಡನ ಸಹನೆಯನ್ನು ಅಣ್ಣನೆದುರು. ಇಬ್ಬರಿಂದಲೂ ಛೀಮಾರಿ ಬಂತು. ಬಿಸಿಲೇರಿತು. ನನ್ನ ತಾಳ್ಮೆ ತೀರಿತು.

“ನಿಮ್ಮ ಬಾಕ್ಸಿಂಗಿಗೆ ಬೆಂಕಿ ಹಚ್ಚ!” ಎಂದೆ. “ನಮ್ಮ ಗರಡಿ ಪೈಲ್ವಾನ್ರು ಕರದರ ಮಣ್ಣಿಗಿಳೀತಿದ್ರು. ತಾರೀಖಂತ, ಪ್ರಮೋಟರಂತ! ಇಬ್ರನ್ನೂ ಒಬ್ಬ ಪೈಲ್ವಾನ ಒಂದ ಪಟ್ಟಿಗೆ ಚಿತ್ ಮಾಡತಾನ!”

ಮಾತು ಬಿಟ್ಟಿದ್ದ ತಮ್ಮನೇ ಮನೆಮಾತಿನಲ್ಲಿ ಅಣ್ಣನಿಗೆ ಏನೋ ಅಂದ. ಅಣ್ಣ ನನ್ನ ಮುಖ ನೋಡಿ ನಕ್ಕ.

“ಸರ, ಕೂಡ್ರಿ ಇಲ್ಲೆ,” ಎಂದ ಅಣ್ಣ. “ಕುಸ್ತಿ ಬ್ಯಾರೆ, ಬಾಕ್ಸಿಂಗ್ ಬ್ಯಾರೆ.”

“ಪೈಲ್ವಾನ ಹತ್ರ ಬರೂದರಾಗ ನಮ್ಮ ಗಿಡ್ಡ ಮೂತಿ ಜಜ್ಜತಾನ್ರಿ,” ಎಂದು ತಮ್ಮ ಇಂಜಿನ್ನಿನ ಮುಂದೆ ಕುಕ್ಕರಗಾಲಲ್ಲಿ ಕೂತ.

“ಇಬ್ರೂ ಜಜ್ಜತಾರ,” ಎಂದು ಅಣ್ಣ ತಿದ್ದಿ ಅವನಿಗೆ ಬೋಲ್ಟು ಬಿಗಿಯುವ ಪಾನಾ ಕೊಟ್ಟ.

ನಾನು ಅಜ್ಞಾನಿಯೆಂಬ ಬಗ್ಗೆ ಅವರಲ್ಲಿ ಪೂರ್ಣ ಒಮ್ಮತವಿತ್ತು. ತೋಳಿನ ಅಳತೆ, ಗವಸಿನ ತೂಕ, ಕಾಲಿನ ಚಲನೆ ಎಂದು ಒಬ್ಬರ ಮಾತು ಇನ್ನೊಬ್ಬರು ಪೂರ್ತಿ ಮಾಡುತ್ತ ನನಗೆ ಪಾಠ ಹೇಳಿದರು. ಪಾಠದ ನಡುವೆ ಇಂಜಿನ್ನು ಕೂಡಿತು. ಗಾಡಿ ಒಂದೇ ಒದೆತಕ್ಕೆ ಶುರುವಾಯಿತು.

ಅಕ್ಕ ಹೊತ್ತಿಗೆ ಸರಿಯಾಗಿ ರೊಟ್ಟಿ ತಿಂದಳು, ಗುಳಿಗೆ ನುಂಗಿದಳು. ನನ್ನ ಮುಖ ಕೆಟ್ಟಿದ್ದೇಕೆಂದು ಕೇಳಿದ್ದಕ್ಕೆ ಎಲ್ಲವನ್ನೂ ಹೇಳಿದೆ. ಅವಳು ಗಂಭೀರವಾಗಿ ಕೇಳಿಸಿಕೊಂಡಳು.

“ಹೆದರಿದವ ಆ ಗಿಡ್ಡನ ಇರಬೇಕು,” ಎಂದಳು.

“ಇಲ್ಲಕ್ಕ, ಉದ್ದನಾವನ ಪ್ರಮೋಟರ್ ಅದಾನಲಾ, ಅವ...” ಎಂದು ಶುರು ಮಾಡಿ ಬಾಯಿ ಮುಚ್ಚಿಕೊಂಡೆ.

“ಹೇಳೋ,” ಎಂದು ಅಕ್ಕ ದಿಂಬಿಗೆ ಒರಗಿ ಕೂತಳು. “ಏನ್ ಮಾಡಿದ ಆ ಪ್ರಮೋಟರ್?”